ಹಿಟ್ಟು ಮತ್ತು ಹುಲ್ಲು: ಒಂದೇ ಸಕ್ಕರೆಯ ಎರಡು ರೂಪಗಳು

ರಾಗಿಯ ಕಾಳು ಮನುಷ್ಯನಿಗೆ ಆಹಾರ. ಅದೇ ಪೈರಿನ ಹುಲ್ಲು ಅವನಿಗೆ ಜೀರ್ಣವಾಗದು; ಎತ್ತು ಅದನ್ನು ತಿಂದು ಉಳುತ್ತದೆ. ಈ ಭೇದದ ಕಾರಣವನ್ನರಿತ ರೈತನು ಒಣಮೇವಿನ ಗುಣವನ್ನು ಹೆಚ್ಚಿಸಿಕೊಳ್ಳಬಲ್ಲನು.

ಕಾಳಿನಲ್ಲಿ ವಿಶೇಷವಾಗಿರುವುದು ಪಿಷ್ಟ, ಹುಲ್ಲಿನಲ್ಲಿರುವುದು ಸೆಲ್ಯುಲೋಸ್. ಎರಡೂ ಗ್ಲೂಕೋಸ್ ಎಂಬ ಸಕ್ಕರೆಯಿಂದಲೇ ಆದವುಗಳು. ಗ್ಲೂಕೋಸಿನ ಒಂದು ಅಣುವಿನಲ್ಲಿ ಇಂಗಾಲದ 6, ಜಲಜನಕದ 12, ಆಮ್ಲಜನಕದ 6 ಪರಮಾಣುಗಳಿವೆ. ಎರಡು ಅಣುಗಳು ಕೂಡುವಾಗ ನೀರಿನ ಒಂದು ಅಣುವು ಹೊರಬೀಳುತ್ತದೆ. ಹೀಗೆ ನೂರಾರು ಅಣುಗಳು ಸೇರಿ ಸರಪಣಿಯಾಗುವುವು. ಪಿಷ್ಟದಲ್ಲಿ ಅಣುಗಳೆಲ್ಲವೂ ಒಂದೇ ಮಗ್ಗುಲಾಗಿ ಕೂಡಿ, ಸರಪಣಿಯು ಸುರುಳಿ ಸುತ್ತಿಕೊಳ್ಳುತ್ತದೆ. ಸೆಲ್ಯುಲೋಸಿನಲ್ಲಿ ಒಂದು ಬಿಟ್ಟು ಒಂದು ಅಣುವು ಮಗುಚಿ ನಿಲ್ಲುವುದರಿಂದ ಸರಪಣಿಯು ನೆಟ್ಟಗಿದ್ದು, ನೆರೆಯ ಸರಪಣಿಗಳೊಡನೆ ಬಿಗಿದುಕೊಳ್ಳುತ್ತದೆ. ಆರಿದ ಗಂಜಿಗೆ ಒಂದು ತೊಟ್ಟು ಅಯೋಡಿನ್ ದ್ರಾವಣವನ್ನು ಹಾಕಿದರೆ ಕಡುನೀಲಿಯಾಗುವುದು; ಬಹುಮಟ್ಟಿಗೆ ಸೆಲ್ಯುಲೋಸೇ ಆಗಿರುವ ಅರಳೆಗೆ ಹಾಕಿದರೆ ಆ ಬಣ್ಣವು ಬಾರದು. ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು.

ನಮ್ಮ ಜೊಲ್ಲಿನಲ್ಲಿರುವ ಕಿಣ್ವವು ಪಿಷ್ಟದ ಕೊಂಡಿಯನ್ನು ಬಿಡಿಸಬಲ್ಲದು, ಸೆಲ್ಯುಲೋಸಿನದನ್ನು ಬಿಡಿಸಲಾರದು. ದನಗಳಿಗೂ ಅದಕ್ಕೆ ತಕ್ಕ ಸ್ವಂತ ಕಿಣ್ವವಿಲ್ಲ. ಅವುಗಳ ಮೊದಲನೆಯ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಆ ಕೆಲಸವನ್ನು ಮಾಡುತ್ತವೆ. ಈ ಜೀವಿಗಳು ವೃದ್ಧಿಯಾಗಲು ಸಾರಜನಕವು ಅವಶ್ಯಕ. ಒಣಹುಲ್ಲಿನಲ್ಲಿ ಅದು ಬಹಳ ಕಡಮೆ. ಅಲ್ಲದೆ ಲಿಗ್ನಿನ್ ಎಂಬ ಗಟ್ಟಿ ಪದಾರ್ಥವು ಸೆಲ್ಯುಲೋಸನ್ನು ಆವರಿಸಿಕೊಂಡಿರುತ್ತದೆ.

ಈ ಎರಡು ಕೊರತೆಗಳಿಗೂ ಯೂರಿಯಾ ಉಪಚಾರವು ಪರಿಹಾರವಾಗಿದೆ. 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, 100 ಕಿಲೋ ಒಣಹುಲ್ಲಿನ ಮೇಲೆ ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಮುಚ್ಚಿ 21 ದಿವಸ ಇಡತಕ್ಕದ್ದು. ಯೂರಿಯಾದಿಂದ ಹುಟ್ಟುವ ಅಮೋನಿಯಾವು ಲಿಗ್ನಿನ್ನಿನ ಹಿಡಿತವನ್ನು ಸಡಿಲಿಸಿ, ಸೂಕ್ಷ್ಮಜೀವಿಗಳಿಗೆ ಸಾರಜನಕವನ್ನೂ ಒದಗಿಸುವುದು. ಬಳಿಕ ಹುಲ್ಲನ್ನು ಹರಡಿ, ಘಾಟು ಹೋದ ಮೇಲೆ, ಮೊದಮೊದಲು ಸ್ವಲ್ಪ ಸ್ವಲ್ಪವಾಗಿ ತಿನ್ನಿಸಬೇಕು.

ಆದರೆ ಪೋಷಿಸುವ ಈ ಪದಾರ್ಥವೇ ಅಜಾಗ್ರತೆಯಿಂದ ವಿಷವಾಗುತ್ತದೆ. ಯೂರಿಯಾ ಕರಗಿಸಿದ ನೀರನ್ನು ದನವು ಕುಡಿದರೆ, ಸೂಕ್ಷ್ಮಜೀವಿಗಳು ಬಳಸಿಕೊಳ್ಳುವುದಕ್ಕಿಂತ ಬೇಗ ಅಮೋನಿಯಾವು ಹುಟ್ಟಿ ರಕ್ತಕ್ಕೆ ಸೇರಿ, ಅಲ್ಪಕಾಲದಲ್ಲಿಯೇ ಪ್ರಾಣಾಪಾಯವುಂಟಾಗುವುದು. ಆದುದರಿಂದ ಚೀಲವನ್ನೂ ಬಕೆಟ್ಟನ್ನೂ ಕೊಟ್ಟಿಗೆಯಿಂದ ದೂರವಿಡತಕ್ಕದ್ದು. ಆರು ತಿಂಗಳೊಳಗಿನ ಕರುಗಳ ಹೊಟ್ಟೆಯು ಇನ್ನೂ ಬಲಿತಿರುವುದಿಲ್ಲ. ಕುದುರೆ, ಹಂದಿಗಳಿಗೆ ಅಂತಹ ಹೊಟ್ಟೆಯೇ ಇಲ್ಲ. ಇವುಗಳಿಗೆ ಈ ಮೇವನ್ನು ಹಾಕಲೇಕೂಡದು.