ತುಟಿ ಎತ್ತಿ ನೋಡಿದರೆ

ತುಮಕೂರಿನ ಪಶು ಆಸ್ಪತ್ರೆಯೊಂದರ ಜಗಲಿ. ಬೆಳಗಿನ ಒಂಬತ್ತೂವರೆಗೇ ಆರು ನಾಯಿ, ಎರಡು ಕುರಿಮರಿ, ಟವೆಲ್ಲಿನಲ್ಲಿ ಸುತ್ತಿದ ಒಂದು ಬೆಕ್ಕು. ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸು ಕ್ಯಾತ್ಸಂದ್ರದಿಂದ ಆಟೊ ಹಿಡಿದು ಬಂದಿದ್ದರು. ರಾತ್ರಿ ಅದರ ಮೈ ಬಿಸಿಯಾಗಿತ್ತಂತೆ. ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆ ಅರ್ಧ ಅರೆದು ಹಾಲಿಗೆ ಹಾಕಿದ್ದರು.

ಡಾಕ್ಟರು ಮಾತಾಡದೆ ಬೆಕ್ಕಿನ ತುಟಿ ಎತ್ತಿದರು. ಗುಲಾಬಿ ಬಣ್ಣವಿರಬೇಕಾದ ವಸಡು ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದಿತ್ತು. ನಮಗೆ ಜ್ವರ ಇಳಿಸುವ ಮಾತ್ರೆಯನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ರಕ್ತ ಆಮ್ಲಜನಕ ಹೊರಲಾರದೆ ಕೆಡುತ್ತದೆ. “ಮಾತ್ರೆ ಶೀಟು ತಂದಿದ್ದೀರಾಮ್ಮ?” ತಂದಿದ್ದರು. ಆಕೆ ಮಾಡಿದ ಜಾಣತನವೆಂದರೆ ಅದೇ. ಏನು, ಎಷ್ಟು, ಯಾವಾಗ ತಿಂದದ್ದು ಎಂದು ಊಹಿಸುತ್ತ ಕೂರುವ ಕೆಲಸ ತಪ್ಪಿತು, ಡ್ರಿಪ್ ಏರಿತು.

ಅಲ್ಲಿಂದ ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಹೋದರೆ ಗುಬ್ಬಿ. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದ ವೀರಣ್ಣನವರ ಊರು. ನಾನು ಹೋದ ಅಡಿಕೆ ತೋಟದ ಮನೆಯಲ್ಲಿದ್ದದ್ದು ಒಂದೇ ಒಂದು ಕಂದು ನಾಯಿ, ಹೋದ ತಿಂಗಳು ಕೊಳಕುಮಂಡಲ ಹಾವಿನಿಂದ ಕಚ್ಚಿಸಿಕೊಂಡು ಬದುಕಿದ್ದು. ಮೂಸಲು ಹೋಗಿ ಮೂತಿಗೇ ಕಚ್ಚಿಸಿಕೊಂಡಿತ್ತು. “ಮುಖ ಬೂದುಗುಂಬಳ ಆಗೋಗಿತ್ತು ಸ್ವಾಮಿ” ಎಂದರು ತೋಟದವರು. ಬ್ಲೇಡಿನಲ್ಲಿ ಕೊಯ್ಯಿರಿ ಎಂದವರೊಬ್ಬರು, ಸೊಪ್ಪಿನ ರಸದ ಗೊಟ್ಟ ಹಾಕಿ ಎಂದವರೊಬ್ಬರು. ಸೋತ ಪ್ರಾಣಿಗೆ ಗೊಟ್ಟ ಹಾಕಿದರೆ ರಸ ಹೊಟ್ಟೆಗಿಂತ ಮೊದಲು ಶ್ವಾಸಕೋಶ ಸೇರಬಹುದು. ತೋಟದವರು ಯಾರ ಮಾತೂ ಕೇಳದೆ ಗೋಣಿತಾಟು ಹಾಸಿ, ನಾಯಿಯನ್ನು ಅದರ ಮೇಲೆ ಮಲಗಿಸಿ, ಒಂದು ಹೆಜ್ಜೆಯೂ ನಡೆಸದೆ ಇಬ್ಬರು ಎತ್ತಿ ಗೂಡ್ಸ್ ಆಟೊಗೆ ಹಾಕಿದ್ದಾರೆ. ನಡೆದರೆ, ಓಡಿದರೆ ವಿಷ ಬೇಗ ಹರಡುತ್ತದೆ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ವಾಹನ ಬರುತ್ತದೆ, ಗೊತ್ತಿತ್ತು. ಆದರೆ ಆಟೊ ಬಾಗಿಲಲ್ಲೇ ನಿಂತಿತ್ತು.

ಆ ನಾಯಿಗೆ ಹಾಕಿದ್ದು ಮನುಷ್ಯರಿಗೆ ಹಾಕುವ ಇಂಜೆಕ್ಷನ್ನೇ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಮದ್ದು. ಕುದುರೆಗೆ ಚೂರುಚೂರೇ ವಿಷ ಕೊಟ್ಟು, ಅದರ ರಕ್ತದಿಂದ ತೆಗೆಯುವುದು.

ಕುದುರೆ ಎಂದರೆ ಕುಣಿಗಲ್. ಹೆಬ್ಬೂರಿನ ಮೇಲೆ ಹೋದೆ. ಟಿಪ್ಪು ತನ್ನ ದಂಡಿಗೆ ಕುದುರೆ ಸಾಕಿದ ಫಾರಂ ಆಮೇಲೆ ರೇಸ್ ಕುದುರೆಗಳ ತವರಾಯಿತು. ಹೊರಗಿನ ಟೀ ಅಂಗಡಿಯಲ್ಲಿ ಕುದುರೆಗಳ ಜೊತೆಯೇ ಆಯುಸ್ಸು ಕಳೆದ ಒಬ್ಬ ಹಿರಿಯರು ಸಿಕ್ಕರು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹಾಗಾಗಿ ಹೊಟ್ಟೆಶೂಲೆ ಬಂದರೆ ಜೀವಕ್ಕೇ ಕುತ್ತು. ಮೇವು ತೆಗೆದು, ಡಾಕ್ಟರಿಗೆ ಹೇಳಿ ಕಳಿಸಿ, ಮೊದಲು ನೋಡುವುದು ವಸಡು. ಹೆಬ್ಬೆರಳು ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಒಂದು, ಎರಡು ಎನ್ನುವಷ್ಟರಲ್ಲಿ ಮತ್ತೆ ಗುಲಾಬಿಯಾಗಬೇಕು. ತಡವಾದರೆ ರಕ್ತ ಓಡುತ್ತಿಲ್ಲ ಎಂದೇ ಲೆಕ್ಕ.

“ನಾಯಿಗೂ ಅದೇ. ವಸಡು ಹುಟ್ಟಿನಿಂದ್ಲೇ ಕರ‍್ರಗಿದ್ರೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಚೆನ್ನಾಗಿರೋವಾಗಲೇ ಒಂದ್ಸಲ ನೋಡ್ಕಂಡಿರ‍್ಬೇಕು ಸ್ವಾಮಿ. ಇಲ್ದಿದ್ರೆ ಕೆಟ್ಟಿದ್ದು ಹೆಂಗ್ ಗೊತ್ತಾಯ್ತದೆ?”

ಬಸ್ ಸ್ಟ್ಯಾಂಡಿನಲ್ಲಿ ಒಂದು ಬೀದಿನಾಯಿ ಮಲಗಿತ್ತು. ಅಭ್ಯಾಸಕ್ಕಿರಲಿ ಎಂದು ಬಗ್ಗಿದೆ. ಅದು ಗುರ್ರೆಂದು ಹಲ್ಲು ಕಿರಿಯಿತು. ವಸಡು ಚೆನ್ನಾಗಿ ಗುಲಾಬಿಯಾಗಿಯೇ ಇತ್ತು.