ಪ್ರಚಾರದ ಖರ್ಚು: ಸೊನ್ನೆ!

"ಚುನಾವಣೆಗೆ ಎಷ್ಟು ಖರ್ಚಾಯ್ತು?" "ಸೊನ್ನೆ!" ನಮ್ಮಲ್ಲಿ ಗ್ರಾಮ ಪಂಚಾಯ್ತಿಗೆ ನಿಂತವರೂ ಹೀಗೆ ಹೇಳೋ ಧೈರ್ಯ ಮಾಡಲ್ಲ. ಆದ್ರೆ ರೊಮೇನಿಯಾದ ಕಲಿನ್ ಜಾರ್ಜೆಸ್ಕು ಲೆಕ್ಕ ಕೊಟ್ಟಿದ್ದು ಹಾಗೇ.

ನವೆಂಬರ್ 24, 2024. ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು. ಪಕ್ಷದ ಬೆಂಬಲವಿಲ್ಲ, ಸಮೀಕ್ಷೆಗಳಲ್ಲಿ ಕೇಳೋರಿಲ್ಲ. ಆದ್ರೂ ಸುಮಾರು 23% ಮತ ಪಡೆದು ಮೊದಲ ಸ್ಥಾನ!

ಹೇಗೆ? ಟಿಕ್‌ಟಾಕ್. ಕುದುರೆ ಸವಾರಿ, ಜೂಡೋ, ದೇವರು, ದೇಶ. ಇದು ಕಣ್ಣಿಗೆ ಕಾಣೋ ಭಾಗ. ಕಾಣದ್ದು ಇನ್ನೂ ಮಜವಾಗಿದೆ. ಗುಪ್ತಚರ ದಾಖಲೆಗಳ ಪ್ರಕಾರ, ಮತದಾನಕ್ಕೆ ಎರಡು ವಾರ ಇರುವಾಗ ಸುಮಾರು 25,000 ಖಾತೆಗಳ ಜಾಲ ಚುರುಕಾಯ್ತು. ಇನ್ನೊಂದು ಕಡೆ, ದುಡ್ಡು ಪಡೆದ ಇನ್‌ಫ್ಲುಯೆನ್ಸರ್‌ಗಳು "ಅಧ್ಯಕ್ಷ ಹೇಗಿರಬೇಕು" ಅಂತ ಮಾತಾಡಿದ್ರು. ಯಾರ ಹೆಸರೂ ಎತ್ತಲಿಲ್ಲ. ಕೆಳಗೆ ಕಾಮೆಂಟ್‌ಗಳಲ್ಲಿ ಮಾತ್ರ ಜಾರ್ಜೆಸ್ಕು, ಜಾರ್ಜೆಸ್ಕು!

ಈ ಇನ್‌ಫ್ಲುಯೆನ್ಸರ್ ಪ್ರಚಾರಕ್ಕೆ ದುಡ್ಡು ಹಾಕಿದ್ದು ಯಾರು ಗೊತ್ತಾ? ಎದುರಾಳಿ ಲಿಬರಲ್ ಪಕ್ಷ ಅಂತ ತನಿಖಾ ಪತ್ರಕರ್ತರು ಬರೆದ್ರು. "ನಮ್ಮ ಪ್ರಚಾರವನ್ನ ಬೇರೆಯವರು ತಿರುಗಿಸಿಕೊಂಡ್ರು" ಅನ್ನೋದು ಪಕ್ಷದ ಉತ್ತರ. ಇರಬಹುದು. ಹಾಗಿದ್ರೂ ನೋಡಿದ ಮತದಾರನಿಗೆ ಅದು ಜಾಹೀರಾತು ಅಂತಲೇ ತಿಳಿದಿರಲಿಲ್ವಲ್ಲ!

ಡಿಸೆಂಬರ್ 6. ವಿದೇಶದಲ್ಲಿರೋ ರೊಮೇನಿಯನ್ನರು ಎರಡನೇ ಸುತ್ತಿಗೆ ಆಗಲೇ ಮತ ಹಾಕ್ತಿದ್ರು. ಅವತ್ತೇ ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡ್ತು! ಮೋಸ ತಡೆಯೋಕೆ ಲಕ್ಷಾಂತರ ಪ್ರಾಮಾಣಿಕ ಮತಗಳನ್ನೂ ಅಳಿಸಿದ್ದು ನನಗಂತೂ ಪೂರ್ತಿ ಒಪ್ಪಿಗೆಯಾಗಲ್ಲ.

2025ರ ಮೇನಲ್ಲಿ ಮರುಚುನಾವಣೆ. ಜಾರ್ಜೆಸ್ಕುಗೆ ನಿಲ್ಲೋಕೇ ಬಿಡಲಿಲ್ಲ. ಅವರ ಬೆಂಬಲಿಗರ ಸಿಟ್ಟು ಮತವಾಗಿ ಇನ್ನೊಬ್ಬ ಅಭ್ಯರ್ಥಿ ಜಾರ್ಜ್ ಸಿಮಿಯೋನ್ ಪಾಲಾಯ್ತು. ಮೊದಲ ಸುತ್ತಲ್ಲಿ ಅವರೇ ಮುಂದೆ. ಕೊನೆಗೆ ಗೆದ್ದದ್ದು ಆಗ ಬುಕಾರೆಸ್ಟ್ ಮೇಯರ್ ಆಗಿದ್ದ ನಿಕುಶೋರ್ ದಾನ್.