ದುರ್ಬಲ ಹೃದಯಕ್ಕೆ ಆಟದ ಆಸರೆ

ಆರಿದ್ರಾ ಮಳೆ ಹಿಡಿಯಿತೆಂದರೆ ಶಿಕಾರಿಪುರ, ಸೊರಬಗಳ ಮನೆಗಳಲ್ಲಿ ವೃದ್ಧರ ಸಂಚಾರ ಜಗಲಿಯ ಮೇಲೆಯೇ ಮುಗಿಯುತ್ತದೆ. ಬೇಸಗೆಯಲ್ಲಿ ಹುಚ್ಚರಾಯನ ಕೆರೆಯವರೆಗೆ ಹೋಗಿಬರುತ್ತಿದ್ದ ಅಜ್ಜ ಈಗ ಕಂಬಳಿ ಹೊದೆದು ಕುರ್ಚಿ ಹಿಡಿಯುತ್ತಾರೆ. ಅವರ ಹೃದಯ ದುರ್ಬಲವೆಂದು ವೈದ್ಯರು ಹೇಳಿದ್ದರಂತೂ ತೀರಿತು. “ನೀವು ಏಳಬೇಡಿ ಮಾವ, ನೀರು ನಾನೇ ತಂದುಕೊಡುತ್ತೇನೆ” ಎನ್ನುತ್ತಾಳೆ ಸೊಸೆ. “ಅಪ್ಪಯ್ಯ, ಸುಮ್ಮನೆ ಕೂತಿರಿ” ಎನ್ನುತ್ತಾನೆ ಮಗ. ಪ್ರೀತಿಯ ಮಾತೇ, ಸಂದೇಹವಿಲ್ಲ. ಆದರೆ ಈ ಪ್ರೀತಿಯಿಂದ ಅಜ್ಜನಿಗೆ ಹಿತವಾಗುತ್ತದೆಯೆ?

“ಹಾರ್ಟ್ ಫೇಲಾಯಿತು” ಎಂದರೆ ನಮ್ಮ ಆಡುಮಾತಿನಲ್ಲಿ ಪ್ರಾಣ ಹೋಯಿತೆಂದೇ ಅರ್ಥ. ವೈದ್ಯರು ಹೇಳುವ ಹೃದಯ ವೈಫಲ್ಯ ಬೇರೆ. ಅಲ್ಲಿ ಹೃದಯ ನಿಂತಿರುವುದಿಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಒತ್ತಿ ಕಳುಹಿಸುವ ಸಾಮರ್ಥ್ಯ ಕುಗ್ಗಿರುತ್ತದೆ. ನಾಲ್ಕು ಮೆಟ್ಟಿಲೇರಿದರೆ ಏದುಸಿರು, ಪಾದಗಳಲ್ಲಿ ಬಾವು, ಅಂಗಾತ ಮಲಗಿದರೆ ಉಸಿರು ಕಟ್ಟಿದ ಅನುಭವ, ಇವು ಅದರ ಲಕ್ಷಣಗಳು. ತಕ್ಕ ಔಷಧೋಪಚಾರದಿಂದ ಇಂಥ ರೋಗಿಗಳು ವರ್ಷಗಟ್ಟಲೆ ಬಾಳುವುದುಂಟು.

ಹಿಂದೆ ವೈದ್ಯರೂ ಈ ರೋಗಿಗಳಿಗೆ ಹಾಸಿಗೆಯ ವಿಶ್ರಾಂತಿಯನ್ನೇ ವಿಧಿಸುತ್ತಿದ್ದರು. ಇಂದು ಆ ಅಭಿಪ್ರಾಯ ಬದಲಾಗಿದೆ. ಕೂತಲ್ಲೇ ಕೂತವರ ಕಾಲಿನ ಮಾಂಸಖಂಡಗಳು ಸೊರಗುತ್ತವೆ; ಸೊರಗಿದ ಖಂಡಗಳು ಅಲ್ಪ ಶ್ರಮಕ್ಕೇ ದಣಿಯುತ್ತವೆ; ದಣಿವಿನ ಭಯದಿಂದ ರೋಗಿ ಇನ್ನಷ್ಟು ಕೂಡುತ್ತಾನೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ದೇಹಬಲಕ್ಕೂ ಸಲ್ಲುತ್ತದೆ. ಅಮೆರಿಕ, ಕೆನಡಾ ಮತ್ತು ಫ್ರಾನ್ಸ್‌ಗಳ 2,331 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಕ್ರಮವರಿತ ವ್ಯಾಯಾಮ ಇಂಥವರಿಗೆ ಅಪಾಯಕರವಲ್ಲವೆಂದೂ, ಅದರಿಂದ ದಿನನಿತ್ಯದ ಬಾಳು ಸ್ವಲ್ಪ ಹಗುರವಾಗುವುದೆಂದೂ ತೋರಿಸಿಕೊಟ್ಟಿತು.

ವ್ಯಾಯಾಮ ಒಳ್ಳೆಯದೆಂದು ಹೇಳುವುದು ಸುಲಭ. ಆದರೆ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಮಾಡುವುದೆಲ್ಲಿ? ನಮಗೆ ಮಳೆಯಿದ್ದಂತೆ ಸ್ವೀಡನ್ ದೇಶದವರಿಗೆ ಹಿಮವುಂಟು, ಚಳಿಗಾಲದ ದೀರ್ಘ ಕತ್ತಲೆಯುಂಟು. ಅಲ್ಲಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಶುಶ್ರೂಷಾ ಪ್ರಾಧ್ಯಾಪಕಿ ಟೀನಿ ಯಾರ್ಸ್ಮಾ ಮತ್ತು ಅವರ ಸಹೋದ್ಯೋಗಿಗಳು ಒಂದು ವಿನೋದದ ಉಪಾಯ ಹೂಡಿದರು. ಜಪಾನಿನ ನಿಂಟೆಂಡೊ ಸಂಸ್ಥೆ 2006ರಲ್ಲಿ ‘ವೀ’ ಎಂಬ ವಿಡಿಯೊ ಆಟದ ಯಂತ್ರವನ್ನು ಹೊರತಂದಿತ್ತು. ಕೈಯಲ್ಲಿ ಹಿಡಿಯುವ ಅದರ ಸಾಧನ ತೋಳಿನ ಚಲನೆಯನ್ನು ಗ್ರಹಿಸುತ್ತದೆ. ನಡುಮನೆಯಲ್ಲಿ ನಿಂತು ತೋಳು ಬೀಸಿದರೆ ಟಿ.ವಿ. ಪರದೆಯ ಮೇಲೆ ಟೆನಿಸ್ ಚೆಂಡು ಹಾರುತ್ತದೆ. ಇದನ್ನು ರೋಗಿಗಳ ಮನೆಗೇ ಕೊಟ್ಟು ಆಡಿಸಿದರು.

2014ರಲ್ಲಿ ಪ್ರಕಟವಾದ ಮೊದಲ ಸಣ್ಣ ಪ್ರಯೋಗದಲ್ಲಿ 32 ರೋಗಿಗಳಿದ್ದರು. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನರ ನಡೆಯುವ ಶಕ್ತಿ ಹೆಚ್ಚಿತು. ಮೊಮ್ಮಕ್ಕಳಿದ್ದವರು ಹೆಚ್ಚು ಹೊತ್ತು ಆಡಿದರೆಂಬುದು ಅಲ್ಲಿ ಕಂಡ ಸ್ವಾರಸ್ಯದ ಸಂಗತಿ!

ಬಳಿಕ ಯುರೋಪ್, ಇಸ್ರೇಲ್ ಮತ್ತು ಅಮೆರಿಕಗಳ 605 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಟದ ಯಂತ್ರ. ಇನ್ನೊಂದಕ್ಕೆ ಚಟುವಟಿಕೆಯಿಂದಿರಲು ಪ್ರೋತ್ಸಾಹದ ಮಾತು ಮಾತ್ರ. ಮೂರು ತಿಂಗಳ ನಂತರ ಆರು ನಿಮಿಷಗಳಲ್ಲಿ ಯಾರು ಎಷ್ಟು ದೂರ ನಡೆಯಬಲ್ಲರೆಂದು ಅಳೆದರು. ಫಲಿತಾಂಶ ಉತ್ಸಾಹಿಗಳಿಗೆ ನಿರಾಶೆಯನ್ನೇ ತಂದಿತು. ಆಟ ಸುರಕ್ಷಿತವೆಂಬುದು ಖಚಿತವಾಯಿತು. ಆದರೆ ಯಂತ್ರ ಪಡೆದವರು ಪಡೆಯದವರಿಗಿಂತ ಗಣನೀಯವಾಗಿ ಹೆಚ್ಚು ದೂರ ನಡೆಯಲಿಲ್ಲ.

ಈ ನಿರಾಶೆಯಲ್ಲಿ ನಮ್ಮ ಮಧ್ಯಮವರ್ಗದ ಮನೆಗಳಿಗೊಂದು ಸಮಾಧಾನವಿದೆ. ದುಬಾರಿ ಯಂತ್ರ ತರಲಾಗಲಿಲ್ಲವೆಂದು ಯಾರೂ ಕೊರಗಬೇಕಾದುದಿಲ್ಲ. ಮನೆಯಲ್ಲಿ ಅದಿದ್ದರೆ ಮೊಮ್ಮಗನೊಡನೆ ಅಜ್ಜನೂ ಆಡಲಿ, ನಗಲಿ. ಇಲ್ಲದಿದ್ದರೆ ಜಗಲಿಯ ಈ ಕಂಬದಿಂದ ಆ ಕಂಬದವರೆಗೆ ನಡೆಯಲಿ. ಮೊಮ್ಮಗಳು ಸುತ್ತುಗಳನ್ನು ಎಣಿಸಲಿ. ಇಂದು ಐದು ಸುತ್ತಾದರೆ ಮುಂದಿನ ವಾರ ಏಳಾಗಲಿ. ಕುರ್ಚಿಯಿಂದ ಏಳುವುದು, ಮತ್ತೆ ಕೂಡುವುದು, ಹೀಗೆ ಕೆಲವು ಸಲ ಮಾಡಿದರೂ ಕಾಲಿಗೆ ವ್ಯಾಯಾಮವೇ.

ಆದರೆ ಎಚ್ಚರವೂ ಬೇಕು. ಎಷ್ಟು ಶ್ರಮ ಸಲ್ಲುವುದೆಂಬುದನ್ನು ಮೊದಲು ತಮ್ಮ ವೈದ್ಯರಿಂದಲೇ ಕೇಳಿ ತಿಳಿಯಬೇಕು. ನಡೆಯುತ್ತ ಮಾತನಾಡಲು ಸಾಧ್ಯವಾಗುವಷ್ಟೇ ವೇಗವಿರಲಿ. ಎದೆನೋವು, ತಲೆಸುತ್ತು, ಎಂದಿಲ್ಲದ ಏದುಸಿರು ಕಂಡರೆ ಕೂಡಲೇ ನಿಲ್ಲಿಸಬೇಕು. ಕಡಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೂರು ದಿನಗಳಲ್ಲಿ ತೂಕ ಎರಡು ಕಿಲೋಗ್ರಾಮಿಗಿಂತ ಹೆಚ್ಚಿದರೆ ದೇಹದಲ್ಲಿ ನೀರು ನಿಲ್ಲುತ್ತಿದೆಯೆಂದು ಶಂಕಿಸಿ ವೈದ್ಯರಿಗೆ ತಿಳಿಸಬೇಕು. ಔಷಧವನ್ನಂತೂ ತಾನಾಗಿ ನಿಲ್ಲಿಸಲೇಬಾರದು.

ಹೊರಗೆ ಮಳೆ ಸುರಿಯುತ್ತಿರಲಿ. ಅಜ್ಜನಿಗೆ ನೀರಿನ ಲೋಟ ತಂದುಕೊಡುವ ಮೊದಲು ಒಮ್ಮೆ ಕೈ ನೀಡಿ, “ಬನ್ನಿ, ಅಡುಗೆಮನೆಯವರೆಗೆ ಜೊತೆಯಲ್ಲೇ ಹೋಗಿಬರೋಣ” ಎಂದು ಕರೆದು ನೋಡಿ. ಅದೂ ಒಂದು ಉಪಚಾರವೇ.